ಒಂದೂವರೆ ಲೀಟರು ಚಳಿ

ಬೆದೆಗೆ ಬಂದಿಲ್ಲ ಈ ವಾರ ಯಾರ ಹಸುವೂ;
ಕ್ಯಾನಿನಿಂದ ಒಂದೂವರೆ ಲೀಟರು ನೈಟ್ರೋಜನ್
ಚಿಂತಾಮಣಿಯ ಟಿವಿ ರಿಪೇರಿ ಶಾಕಿರಾಗೆ ಬಗ್ಗಿಸಿದೆ.

ಬೋರ್ಡಿನ ಬೆನ್ನಿಗೆ ಕೂದಲೆಳೆಯ ತಂತಿ ಬೆಸೆದಿದ್ದಳು,
ತುದಿಗೆ ಹಳೇ ರೇಡಿಯೋದ ತಿರುಗಣೆ.
"ಇದು ಸುಳ್ಳು ಹೇಳುತ್ತೆ ಕಣಣ್ಣ, ಕಾವಲಿನವನಿಗೆ:
ವೋಲ್ಟು ಸಾಲದು, ಇನ್ನಷ್ಟು ಬಿಡು ಅಂತ."

ಹುಯ್ದೆ. ಹೊಗೆ ಮೇಜಿನಿಂದಿಳಿದು ನನ್ನ ಚಪ್ಪಲಿ ಹುಡುಕಿತು.
ತಾಮ್ರದ ಲೋಟಕ್ಕೆ ಬಿಳಿ ಬೂಷ್ಟು.
ಒಂದು ಮುಕ್ಕಾಲು.
ಒಂದು ಪಾಯಿಂಟು ಎಂಟು.
ತಿರುಗಣೆಯ ಮೇಲೆ ಅವಳ ಹೆಬ್ಬೆರಳು,
ಎಳೆಗರುವಿನ ಮೂತಿ ಮುಟ್ಟುವ ಹಾಗೆ.

ಏಳು ಗಿಗಾಹರ್ಟ್ಸ್. ಹನ್ನೊಂದು ಸೆಕೆಂಡು.
ಆಮೇಲೆ ಟಪ್ಪಂತ, ಅಷ್ಟೇ;
ಹುರಿಗಡಲೆ ಸೀದ ವಾಸನೆ.

ಅವಳು ಒಂದೇ ಸಮ ನಗುತ್ತಿದ್ದಳು.
ನಾನು ಕ್ಯಾನಿಗೆ ಅಳತೆಕೋಲು ಇಳಿಸಿದೆ:
ನಾಲ್ಕು ಬೆರಳು.
ಕೈವಾರದ ಹಸು ಇವತ್ತೇ ಕೂಗದಿದ್ದರೆ ಸಾಕು.