ಅರ್ಧ ಕ್ಷೌರ

ಹೊಟ್ಟೆ ಬೋಳಿಸುವುದು ನನ್ನ ಕೆಲಸ.
ಹಾಸನದ ದೊಡ್ಡಾಸ್ಪತ್ರೆ, ಗಂಡಸರ ಸರ್ಜರಿ ವಾರ್ಡು, ರಾತ್ರಿ ಪಾಳಿ.
ಎದೆಗುಂಡಿಯಿಂದ ತೊಡೆಸಂದಿವರೆಗೆ
ಸೋಪಿನ ನೊರೆ, ತಲೆಗೊಂದು ಬ್ಲೇಡು.
ಹದಿನೇಳು ವರ್ಷವಾಯಿತು. ಮುಖ ಮರೆಯುತ್ತೇನೆ, ಹೊಟ್ಟೆ ಮರೆಯುವುದಿಲ್ಲ.
ಸಂತೆಪೇಟೆಯಲ್ಲಿ ಯಾರಾದರೂ ನಮಸ್ಕಾರ ಅಂದರೆ
ಅಂಗಿ ಎತ್ತಿದರೆ ಗುರುತು ಸಿಕ್ಕೀತು ಅನಿಸುತ್ತದೆ.

ಅವತ್ತು ಮೊಗಣ್ಣ. ಆಲೂಗಡ್ಡೆ ಮಂಡಿಯಲ್ಲಿ ತೂಕದವನು, ಐವತ್ತೆರಡು.
ಮೂರು ದಿನದಿಂದ ಬಲಗಡೆ ಕೆಳಹೊಟ್ಟೆಯಲ್ಲಿ ಕೆಂಡ.
ಮೊದಲ ದಿನ ಗ್ಯಾಸು ಅಂದರು, ಸೋಡಾ ಕುಡಿದ.
ಮಾರನೇ ದಿನ ಕಿಡ್ನಿಕಲ್ಲು ಅಂದರು, ಬಾಳೆದಿಂಡಿನ ರಸ.
ಸ್ಕ್ಯಾನಿನಲ್ಲಿ ಕಲ್ಲಿಲ್ಲ. ಕರುಳಬಾಲ
ಕಂಡೂ ಕಾಣದ ಹಾಗೆ.
‘ಮುಟ್ಟಿದರೆ ಕಿರುಚ್ತಾರೆ, ಕಾಯೋದು ಬೇಡ,
ಆರಕ್ಕೆ ಥಿಯೇಟರು’ ಎಂದು ಬರೆದು ಹೋದರು ದೊಡ್ಡವರು.

ನನಗೊಂದು ಅನುಮಾನ. ಹೇಳಲು ನಾನ್ಯಾರು?
ಒಳಗೆ ನೋಯುವವರು ಒತ್ತಿದರೆ ಕೂಗುತ್ತಾರೆ.
ಇವನು ಪಂಚೆಯ ಅಂಚು ತಾಕಿದರೆ ಕೂಗುತ್ತಿದ್ದ.
ಚರ್ಮಕ್ಕೆ ಏನೋ ಗೊತ್ತಿತ್ತು,
ಬಾಯಿ ಬಿಡುತ್ತಿರಲಿಲ್ಲ.

ನಾಲ್ಕು ಗಂಟೆ. ಎಡಗಡೆ ಮುಗಿಸಿ
‘ಸ್ವಲ್ಪ ಹೊರಳು ಮೊಗಣ್ಣ’ ಎಂದೆ.
ಹೊರಳಿದ. ಟ್ಯೂಬ್‌ಲೈಟು ಬೆನ್ನಿಗೆ ಬಿತ್ತು.
ಬೆನ್ನುಮೂಳೆಯ ಬಲಕ್ಕೆ
ಮೂರು ಗುಳ್ಳೆ.
ಸಾಸಿವೆಯಷ್ಟು, ಒಳಗೆ ತಿಳಿನೀರು.
ಅಲ್ಲಿಂದ ಒಂದು ಕೆಂಪುದಾರಿ, ಇನ್ನೂ ಗುಳ್ಳೆಯಾಗದ್ದು,
ಪಕ್ಕೆ ಬಳಸಿ ಹೊಟ್ಟೆಯ ಕಡೆ ಹೊರಟಿತ್ತು.

ನಮ್ಮಜ್ಜಿಯಾಗಿದ್ದರೆ ಕೆಮ್ಮಣ್ಣು ಕಲಸುತ್ತಿದ್ದಳು,
ಬಾಲಕ್ಕೆ ಹೆಡೆ ಮುಟ್ಟದ ಹಾಗೆ ನಡುವೆ ಗೆರೆ ಎಳೆಯುತ್ತಿದ್ದಳು.
ನಾನು ರುಬೀನಾ ಡಾಕ್ಟರನ್ನು ಎಬ್ಬಿಸಿದೆ.
ಇನ್ನೂ ಓದುತ್ತಿರುವ ಹುಡುಗಿ, ಮೇಜಿಗೊರಗಿ ನಿದ್ದೆ.
ಬಗ್ಗಿ ನೋಡಿದಳು, ಕನ್ನಡಕ ಒರೆಸಿ ಮತ್ತೆ ನೋಡಿದಳು.
ಫೋನಿನಲ್ಲಿ ದನಿ ನಡುಗಿತು:
‘ಸರ್, ಸರ್ಪಸುತ್ತು ಸರ್. ಅಪೆಂಡಿಕ್ಸ್ ಅಲ್ಲ.
ಇಲ್ಲ ಸರ್, ನಾನಲ್ಲ. ಅಟೆಂಡರ್ ನೋಡಿದ್ದು.’

ಹೊರಗೆ ಬೆಂಚಿನ ಮೇಲೆ ಅಕ್ಕ ನಿಂಗಾಜಮ್ಮ.
‘ಚಿಕ್ಕಂದಿನಲ್ಲಿ ಇವರಿಗೆ ಸಿಡುಬು ಎದ್ದಿತ್ತಾ, ಸೀತಾಳೆ?’
‘ಅಮ್ಮ ಆಗಿತ್ತು ಕಣವ್ವ, ಇಬ್ರಿಗೂ ಒಟ್ಟಿಗೆ.
ಒಂದೇ ಚಾಪೆ, ಬೇವಿನ ಸೊಪ್ಪು,
ಒಂಬತ್ತು ದಿನ ಮನೇಲಿ ಒಗ್ಗರಣೆ ಇಲ್ಲ.
ಆಮೇಲೆ ಮೊಸರನ್ನ ಕಟ್ಕೊಂಡು ಊರ ಗಡಿಗಂಟ ಹೋಗಿ
ಕಳಿಸಿಕೊಟ್ಟು ಬಂದ್ವಲ್ಲ?’

‘ಹೋಗಿಲ್ಲಮ್ಮ’ ಎಂದಳು ರುಬೀನಾ.
‘ಬೆನ್ನಿನ ಹತ್ತಿರ, ನರದ ಬುಡದಲ್ಲೇ ಕೂತಿತ್ತು.’

ಬಕೆಟ್ಟು ಎತ್ತಿಕೊಳ್ಳುತ್ತ ಲೆಕ್ಕ ಹಾಕಿದೆ.
ನಲವತ್ತೈದು ವರ್ಷ.
ಮೂಟೆ ಹೊರುವಾಗ, ಧಾರೆಗೆ ನಿಂತಾಗ,
ತಕ್ಕಡಿಯ ಮುಳ್ಳು ನಡುವೆ ಬರಲಿ ಎಂದು ಉಸಿರು ಹಿಡಿದಾಗ
ಅವನ ತೂಕದಲ್ಲಿ ಅದರದೂ ಒಂದಿಷ್ಟು.
ಮೊದಲ ಸಲ ಬಂದರೆ ಅಮ್ಮ ಅನ್ನುತ್ತೇವೆ, ಮತ್ತೆ ಬಂದರೆ ಸರ್ಪ.
ಬಂದವಳು ಒಬ್ಬಳೇ.

‘ಸುತ್ತು ಕೂಡಿದರೆ ಜೀವ ಹೋಗುತ್ತಂತಲ್ಲ?’ ಅಕ್ಕನ ಕೈ ಸೆರಗಿನಲ್ಲಿ.
ರುಬೀನಾ ಪೆನ್ನಿನ ತುದಿಯಿಂದ, ಮುಟ್ಟದೆ,
ಹೊಕ್ಕುಳಿನ ಮೇಲಿಂದ ಕೆಳಕ್ಕೆ ಗೆರೆ ತೋರಿಸಿದಳು:
‘ಬಲಗಡೆ ನರ. ಇಲ್ಲಿಗೆ ಬಂದು ನಿಲ್ಲುತ್ತೆ.’
ನನ್ನ ಬ್ಲೇಡೂ ಅಲ್ಲಿಗೇ ನಿಂತಿತ್ತು.
ಎಡಗಡೆ ನುಣ್ಣಗೆ, ಬಲಗಡೆ ಕಾಡು.

ಹೋಗುವ ದಿನ ಗುಳ್ಳೆಗಳು ಕಪ್ಪುಗಟ್ಟಿದ್ದವು. ಉರಿ ಇನ್ನೂ ಇತ್ತು.
‘ಅರ್ಧ ಬಿಟ್ಟಿದ್ದೀಯಲ್ಲೋ’ ಎಂದ ಮೊಗಣ್ಣ,
‘ನಮ್ಮ ಮಂಡೀಲಿ ಅರ್ಧ ಕೆಲಸಕ್ಕೆ ಅರ್ಧ ಕೂಲಿ.’
ನಕ್ಕ, ನಕ್ಕಿದ್ದಕ್ಕೆ ನೊಂದ.

ನನಗೂ ಆಗಿತ್ತು, ಮೂರನೇ ಕ್ಲಾಸಿನಲ್ಲಿ.
ಮನೆಗೆ ಬಂದು ಸ್ನಾನಕ್ಕೆ ಕೂತೆ.
ಬೆನ್ನಲ್ಲಿ ಒಂದು ಜಾಗ, ಯಾವ ಕೈಯೂ ಎಟುಕುವುದಿಲ್ಲ.
ಅಲ್ಲಿಗೆ ಒಂದು ತಂಬಿಗೆ ತಣ್ಣೀರು
ಹೆಚ್ಚಾಗಿ ಹೊಯ್ದುಕೊಂಡೆ.