ಡಬ್ಬಿ ಮೂವತ್ತೇಳು

ಮಣ್ಣು ತೂಗುವುದು ನನ್ನ ಕೆಲಸವಾಗಿತ್ತು.
ಶಿವಾಜಿನಗರದ ಕಲ್ಲುಕಟ್ಟಡ, ಹಿಂದಿನ ಕೋಣೆ,
ಒಂದು ತಕ್ಕಡಿ, ಒಂದು ಒಲೆ.
ಅಡುಗೆಯ ಒಲೆಯಲ್ಲ; ನೂರೈದು ಡಿಗ್ರಿಯಲ್ಲಿ
ಹಗಲಿರುಳು ಗುಂಯ್‌ಗುಡುವ ಕಬ್ಬಿಣದ ಪೆಟ್ಟಿಗೆ.
ಹಸಿಯಿದ್ದಾಗ ತೂಗು, ಒಂದು ದಿನ ಬೇಯಿಸು,
ಮತ್ತೆ ತೂಗು, ಕಳೆ.
ಕಳೆದದ್ದು ನೀರು.
ಮೂವತ್ತೊಂದು ವರ್ಷ ನಾನು ನೀರು ಕಂಡದ್ದು ಹೀಗೆ,
ಕಾಣದೆ.

ಡಬ್ಬಿಗಳು ಬರುತ್ತಿದ್ದದ್ದು ಸುಪೆಯ ಕಡೆಯಿಂದ,
ನಿವೃತ್ತಿ ಕೋಳಪೆಯ ಚೀಲದಲ್ಲಿ.
(ಹೆಸರಷ್ಟೇ ನಿವೃತ್ತಿ. ನನಗಿಂತ ಹತ್ತು ವರ್ಷ ಹಿರಿಯ,
ಇನ್ನೂ ನೆಲಕ್ಕೆ ಬೈರಿಗೆ ಇಳಿಸುತ್ತಾನೆ.)
ಸ್ವಾರ್‌ಗೇಟಿನಲ್ಲಿ ಕೆಂಪು ಬಸ್ಸಿಳಿದು ಬರುವನು,
ಮುಚ್ಚಳಕ್ಕೆ ಕರಿ ಟೇಪು ಸುತ್ತಿದ ಅರವತ್ತು ಡಬ್ಬಿ,
ಒಂದಡಿ ಆಳದ ಮಣ್ಣು.
ಜೂನಿನಲ್ಲಿ ಅವನ ಅಂಗಿಗೆ ಧೂಳು, ನನ್ನ ಸೆರಗು ಒದ್ದೆ.
ಮೋಡ ನಿಮ್ಮೂರಲ್ಲೇ ಜೇಬು ಬರಿದು ಮಾಡಿಕೊಂಡು
ನಮ್ಮ ಕಡೆ ಬರೀ ನೆರಳು ಚೆಲ್ಲಿ ಹೋಗುತ್ತದೆ, ಬಾಯಿ,
ಎನ್ನುತ್ತಿದ್ದ.

ನಮ್ಮ ಬಿಜಾಪುರದಲ್ಲಿ ಅದಕ್ಕೆ ಹದ ಅನ್ನುತ್ತೇವೆ ಅಂದೆ.
ವಾಫಸಾ, ಅಂದ ಅವನು.
ಹಿಡಿ ಮಣ್ಣು ಹಿಚುಕಿ, ಉಂಡೆ ಕಟ್ಟಿ,
ಸೊಂಟದೆತ್ತರದಿಂದ ಬಿಟ್ಟು ತೋರಿಸಿದ:
ಉದುರಾಗಿ ಒಡೆದರೆ ಬಿತ್ತು,
ಚಪ್ಪಟೆಯಾದರೆ ಇನ್ನೆರಡು ದಿನ ತಾಳು,
ಉಂಡೆಯೇ ಕಟ್ಟದಿದ್ದರೆ...
ಕೈ ಝಾಡಿಸಿ ನಕ್ಕ.
ಹನ್ನೊಂದು, ಎನ್ನುತ್ತಿದ್ದ ಬೆರಳಲ್ಲಿ ತಿಕ್ಕಿ.
ತಕ್ಕಡಿ ಹನ್ನೊಂದೂವರೆ ಅಂದರೆ
ತಕ್ಕಡಿಗೆ ವಯಸ್ಸಾಯಿತು, ಎನ್ನುತ್ತಿದ್ದ.

ಬರ ಬಂತು ಎಂದು ಪತ್ರಿಕೆಗಳು ಬರೆದದ್ದು
ನಾಲ್ಕೋ ಐದೋ ಸಲ.
ನನ್ನ ಲೆಡ್ಜರಿನಲ್ಲಿ ಅದು ಬರಲೂ ಇಲ್ಲ, ಹೋಗಲೂ ಇಲ್ಲ.
ದೀಪಾವಳಿ ವಾರದ ಅಂಕಿ ಮಾತ್ರ ಓದಿ:
ಇಪ್ಪತ್ತೊಂದು. ಇಪ್ಪತ್ತು ಚಿಲ್ಲರೆ.
ನಡುವೆ ಒಮ್ಮೆ ಇಪ್ಪತ್ತೆರಡು,
ಅಂದು ಚಹಾದ ಜೊತೆ ಬಾಕರವಡಿ ತರಿಸಿದ್ದೆವು.
ಆಮೇಲೆ ಹತ್ತೊಂಬತ್ತು. ಹದಿನೇಳು.
ಮಳೆ ಸರಾಸರಿ ಬಿದ್ದ ವರ್ಷವೂ ಹದಿನಾರು.
ಬಿದ್ದದ್ದು ನಿಜ. ಮೂರೇ ರಾತ್ರಿಯಲ್ಲಿ ಬಿದ್ದು
ಎದ್ದು ಹೋಗಿತ್ತು,
ನೆಲಕ್ಕೆ ಗುಟುಕರಿಸಲೂ ಪುರಸೊತ್ತು ಕೊಡದೆ.

ಒಂದು ಮೇ ತಿಂಗಳು.
ಐದು, ಆರು, ಐದು, ಐದೂವರೆ.
ಡಬ್ಬಿ ಮೂವತ್ತೇಳು: ಹತ್ತೊಂಬತ್ತು.
ಲೆಕ್ಕ ತಪ್ಪಿತೇನೋ ಎಂದು ಮತ್ತೆ ಒಲೆಗಿಟ್ಟೆ.
ಹತ್ತೊಂಬತ್ತೇ.
ಅಲ್ಲಿ ನಲ್ಲಿ ಒಡೆದಿದೆಯೇ, ಕೇಳಿದೆ ಕೋಳಪೆಯನ್ನು.
ಒಡೆಯುವುದಕ್ಕೆ ಮೊದಲು ನಲ್ಲಿ ಬರಬೇಕಲ್ಲ, ಅಂದ.

ಆ ಹೊಲದಂಚಿನ ಮನೆಗೆ
ಶೇವಂತಾ ಬಾಣಂತನಕ್ಕೆ ಬಂದಿದ್ದಾಳೆ.
ಟ್ಯಾಂಕರು ಐದು ದಿನಕ್ಕೊಮ್ಮೆ.
ಅದರಲ್ಲೇ ತೆಗೆದಿಟ್ಟು, ಉಳಿದವರು ಮೈ ತೊಳೆಯದೆ,
ಕೂಸಿಗೆ ದಿನಾ ಎರೆಯುತ್ತಾಳೆ ಅಜ್ಜಿ,
ಕಾಲು ನೀಡಿ, ಕಾಲ ಮೇಲೆ ಮಲಗಿಸಿಕೊಂಡು.
ಎರೆದ ನೀರು ಕಲ್ಲುಚಪ್ಪಡಿ ದಾಟಿ
ನಮ್ಮ ಗೂಟದ ಬುಡದಲ್ಲಿ ಎರೆಮಣ್ಣಿಗೆ ಇಂಗುತ್ತದೆ.
ಹುಡುಗಿ, ಅಂದ. ಎರಡು ಕಿಲೋ ಒಂಬೈನೂರು.
ಅವಳನ್ನೂ ತೂಗಿದ್ದಾರೆ.

ಇಂಥ ಅಂಕಿ ಸರಾಸರಿ ಕೆಡಿಸುತ್ತದೆ, ಹೊಡೆದುಹಾಕಿ,
ಎಂದರು ಸಾಹೇಬರು.
ಹೊಡೆದೆ. ಪೆನ್ಸಿಲಿನಲ್ಲಿ,
ಕೆಳಗಿನದು ಓದಲು ಬರುವಷ್ಟು ತೆಳ್ಳಗೆ.
ಮಳೆಯಿಲ್ಲದ ಆ ಜುಲೈಯಲ್ಲಿ
ಶೇವಂತಾ ಮಗುವಿನೊಡನೆ ಗಂಡನ ಮನೆಗೆ ಹೋದಳು.
ಮೂವತ್ತೇಳು: ಏಳು.

ಈಗ ಉಪಗ್ರಹ ನೋಡುತ್ತದೆ.
ಎರಡು ಬೆರಳು ಆಳ ಕಾಣುತ್ತದಂತೆ,
ಐದಾರು ಊರು ಸೇರಿ ಒಂದು ಬಣ್ಣದ ಚೌಕ.
ತಪ್ಪೇನಿಲ್ಲ, ಅದಕ್ಕೆ ಬಸ್ಸು ತಪ್ಪುವುದಿಲ್ಲ.
ಒಲೆ ಆರಿಸಿದರು. ಡಬ್ಬಿಗಳು ಗುಜರಿಗೆ ಹೋದವು.
ಬೀಳ್ಕೊಡುಗೆಯ ಶಾಲಿನಡಿ ಬಚ್ಚಿಟ್ಟು
ಒಂದನ್ನು ಮನೆಗೆ ತಂದೆ. ಸಾಸಿವೆ ತುಂಬಿದ್ದೇನೆ.
ಒಗ್ಗರಣೆಯ ಹೊತ್ತಿಗೆ ಅಡಿಯ ನಂಬರು ಬೆರಳಿಗೆ ತಾಕುತ್ತದೆ.

ತಿಂಗಳಿಗೊಮ್ಮೆ ಕೋಳಪೆಯ ಫೋನು.
ಆರೋಗ್ಯ, ಮೊಮ್ಮಕ್ಕಳು, ಮೊಣಕಾಲು ನೋವು.
ಇಡುವ ಮೊದಲು, ಯಾರೂ ಕೇಳದಿದ್ದರೂ,
ಸಹಾ, ಎನ್ನುತ್ತಾನೆ ಮರಾಠಿಯಲ್ಲಿ.
ಕ್ಯಾಲೆಂಡರಿನ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕ,
ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ:
ಆರು.