ಕಾಟಾದ ಮೇಲಿನ ಮೊಲ

ಶಹಾಬಾದ ದಾಟಿ ಕಾಗಿಣಾದ ಕಡೆ ತಿರುಗುವಲ್ಲಿ
ನಮ್ಮ ಕಾಟಾ.
ಅರವತ್ತು ಟನ್ನಿನ ತನಕ ತೂಗುತ್ತದೆ.
ಫರಸಿ ಹೇರಿದ ಲಾರಿ ಏರಿದರೆ
ಕೆಂಪು ಅಂಕಿಗಳು ಕುಣಿದು, ತಡವರಿಸಿ, ನಿಲ್ಲುತ್ತವೆ.
ನಾನು ಚೀಟಿ ಹರಿದು ಕೊಡುತ್ತೇನೆ.
ರಾತ್ರಿ ಪಾಳಿ. ಹನ್ನೊಂದು ವರ್ಷ.

ಎರಡು ಗಂಟೆಗೆ ರಸ್ತೆ ಬರಿದು.
ಆಗ ಹಳೇ ಖಣಿಯ ಒಡಕುಗಲ್ಲಿನ ದಿಬ್ಬದಿಂದ
ಇಳಿಯುತ್ತದೆ ಒಂದು ಮೊಲ,
ಎರಡು ಜಿಗಿತಕ್ಕೊಮ್ಮೆ ನಿಂತು,
ಒಂದು ಕಿವಿ ಇತ್ತ, ಒಂದು ಕಿವಿ ಊರಿನ ನಾಯಿಗಳತ್ತ.
ಹೆಡಕಿನಲ್ಲಿ ಮಸಿ ಒರೆಸಿದ ಹಾಗೆ ಕಪ್ಪು.
ಸಂಜೆ ಹಸಿ ಕಡ್ಲಿಗಿಡದ ಟ್ರ್ಯಾಕ್ಟರು ತೂಗಿಹೋಗಿತ್ತು.
ಕಬ್ಬಿಣದ ಹಾಸಿನ ಮೇಲೆ ಉದುರಿದ ಎಲೆ,
ಹುಳಿ ಹುಳಿ, ಇಬ್ಬನಿ ಬಿದ್ದು ಇನ್ನಷ್ಟು ಹುಳಿ.
ಕೂತು ತಿನ್ನುತ್ತದೆ.
ಇಡೀ ಮೈಯಲ್ಲಿ ಮೂತಿ ಮಾತ್ರ ಅಲ್ಲಾಡುತ್ತದೆ.

ಪರದೆಯಲ್ಲಿ ಸೊನ್ನೆ.
ಇಪ್ಪತ್ತು ಕಿಲೋದ ಕೆಳಗಿನದೆಲ್ಲ
ನಮ್ಮ ಕಾಟಾಕ್ಕೆ ಗಾಳಿ.

ಬೆಳಿಗ್ಗೆ ಕಲ್ಲುಹುಡಿಯಲ್ಲಿ ಹೆಜ್ಜೆ ತೋರಿಸಿದೆ
ಲಾರಿಯ ಮಶಾಕನಿಗೆ. ಹಿಂಗಾಲು ಜೋಡಿ ಮುಂದೆ,
ಮುಂಗಾಲೆರಡೂ ಒಂದರ ಮೇಲೊಂದು ಬಿದ್ದು ಒಂದೇ ಗುರುತು.
"ಎಣಿಸ್ರಿ, ಮೂರೇ ಕಾಲು!
ನಾ ಹಿಡಿದಿಲ್ಲ, ಮುಟ್ಟಿಲ್ಲ, ಆದ್ರೂ ಮೂರೇ ಅದಾವ" ಅಂದ.
ಗಾದೆ ಕಟ್ಟಿದವನು ಹಟಮಾರಿ ಅಲ್ಲವೇನೋ,
ಹುಡಿ ನೋಡಿ ಮಾತಾಡಿದವನೋ ಏನೋ.

ತಾಂಡಾದ ಶಾಣೀಬಾಯಿ ಖಣಿಯ ದಂಡೆಗೆ
ಹುಲ್ಲು ಕೊಯ್ಯಲು ಬರುತ್ತಾಳೆ.
ಅದರ ಬಿಲ ಎಲ್ಲಿ ಎಂದು ಕೇಳಿದರೆ ನಕ್ಕಳು.
"ಬಿಲ ಇಲಿಗಿ. ನೆಲ ಅಗಿಯೋದು ನಿಮಗ.
ಇದು ಕುಂತಲ್ಲೇ ಮನಿ."
ಕುಡುಗೋಲಿನ ತುದಿಯಿಂದ ಹುಲ್ಲು ಸರಿಸಿ ತೋರಿಸಿದಳು:
ಒಂದು ತಗ್ಗು, ತುಸು ಉದ್ದಕ್ಕೆ,
ಹಿಂದೆ ಆಳ, ಮುಂದೆ ತೆಳು,
ಕರಕಿ ಮಲಗಿ ಹಾಸಿಗೆಯಾದದ್ದು.
ಕೈಯಿಟ್ಟೆ. ಬೆಚ್ಚಗಿತ್ತು.
ಕಾಟಾ ಹಿಡಿಯದ ತೂಕವನ್ನು
ಹುಲ್ಲು ಬರೆದಿಟ್ಟುಕೊಂಡಿತ್ತು.

ಅರವತ್ತು ಅಡಿ ಕೆಳಗೆ ನಮ್ಮ ಅಗೆತ,
ಹಸಿರು ನೀರು ನಿಂತು, ಯಾರದೋ ಚಪ್ಪಲಿ ತೇಲುತ್ತ.
ಆ ಕಲ್ಲೆಲ್ಲ ಯಾರ್ಯಾರದೋ ಮನೆಯ ನೆಲವಾಗಿದೆ.

ಅವಕ್ಕೆ ಸಂಸಾರವೂ ಹಾಗೇ, ಹಗುರ.
ಶ್ರಾವಣದಲ್ಲಿ ಮೂರು ಮರಿ ಕಂಡವಂತೆ ಅವಳಿಗೆ,
ಹುಟ್ಟುತ್ತಲೇ ಕಣ್ತೆರೆದವು, ಮೈತುಂಬ ಕೂದಲಿನವು,
ಒಂದು ಈ ಗಿಡದ ಬುಡಕ್ಕೆ, ಒಂದು ಬೋರೆಮುಳ್ಳಿಗೆ,
ಒಂದು ದೂರ ಕಲ್ಲಿನ ಸಂದಿಗೆ.
ತಾಯಿ ಕತ್ತಲಾದ ಮೇಲೆ ಒಮ್ಮೆ ಬಂದು
ಹಾಲೂಡಿ ಹೋಗುತ್ತದೆ. ಅಷ್ಟೇ.
"ಒಂದೇ ಕಡೀ ಇಟ್ಟರ ನರಿಗಿ ಒಂದೇ ಊಟ" ಅಂದಳು.
ಆ ವರ್ಷ ಹೊರೆ ಸಣ್ಣದಿತ್ತು ಅವಳದು.
ಕೊಯ್ದ ಬಯಲಿನ ನಡುವೆ ಮೂರು ಕಡೆ
ಹುಲ್ಲು ಹಾಗೇ ನಿಂತಿತ್ತು.
ನಾನು ಕೇಳಲಿಲ್ಲ.

ಹುಣ್ಣಿಮೆ ಸುತ್ತಮುತ್ತ ಐದಾರು ಬರುವುದುಂಟು.
ಒಟ್ಟಿಗೇ ಮೇಯುತ್ತವೆ, ಒಂದೊಂದೂ ಬೇರೆ ಕಡೆ ನೋಡುತ್ತ,
ಪಾಳಿ ಮುಗಿಸಿ ಚಹಾದಂಗಡಿಗೆ ಬಂದ ನಮ್ಮ ಹಾಗೆ.
ಒಮ್ಮೆ ಗಂಡೊಂದು ಅತಿಯಾಗಿ ಹತ್ತಿರ ಬಂತು;
ಹೆಣ್ಣು ಎದ್ದು ನಿಂತು
ಮುಖಕ್ಕೆ ಪಟಪಟ ಬಾರಿಸಿತು.
ನಾನು ಒಬ್ಬನೇ ಗಾಜಿನೊಳಗೆ ಜೋರಾಗಿ ನಕ್ಕೆ,
ಅಷ್ಟಕ್ಕೇ ಬಯಲು ಖಾಲಿ.

ತಿಂದದ್ದನ್ನೇ ಮತ್ತೆ ತಿನ್ನುತ್ತದಂತೆ ಮೊಲ,
ತನ್ನ ಮೆತ್ತನೆಯ ಹಿಕ್ಕೆಯನ್ನು.
ಮೊದಲು ಹೇಸಿಕೆಯೆನಿಸಿತು. ಆಮೇಲೆ
ನನ್ನ ಡಬ್ಬಿಯ ನಿನ್ನೆಯ ರೊಟ್ಟಿ ನೋಡಿದೆ.
ಅದು ಬೇರೆ, ಇದು ಬೇರೆ, ಗೊತ್ತು.

ಕಳೆದ ವಾರ ಏನನ್ನಿಸಿತೋ,
ಮೊಲ ಹಾಸಿನ ಮೇಲಿದ್ದಾಗ ಗುಂಡಿ ಒತ್ತಿದೆ.
ಯಂತ್ರ ಕಿರುಗುಟ್ಟಿ ಚೀಟಿ ಹೊರಹಾಕಿತು.
ಆ ಸದ್ದಿಗೆ ಅದು ಒಂದು ಡೊಂಕು, ಇನ್ನೊಂದು ಡೊಂಕು, ಮಾಯ.

ತಿಂಗಳ ಲೆಕ್ಕಕ್ಕೆ ಕೂತ ಅಂಬಾರಾಯ ಸಾಹುಕಾರರು
ಕನ್ನಡಕ ಏರಿಸಿ ಕೇಳಿದರು:
"ಇದ್ಯಾರ ಗಾಡಿ? ಎರಡೂ ಹತ್ತಕ್ಕ,
ಮಾಲು ಇಲ್ಲ, ನಂಬರ್ ಇಲ್ಲ, ತೂಕ ಸೊನ್ನಿ?"

"ಖಾಲಿ ಬಂದಿತ್ರಿ" ಅಂದೆ.
"ಹೋಗೂವಾಗ ಒಂದೀಟು ಕಡ್ಲಿ ತುಂಬ್ಕೊಂಡು ಹೋತು."